ಹೊರದೇಶದಲ್ಲಿ ಪೈಲಟ್ ಲೈಸೆನ್ಸ್ ಮತ್ತು ಪಿಆರ್: ಅಮೆರಿಕವೋ, ಕೆನಡಾವೋ, ಆಸ್ಟ್ರೇಲಿಯಾವೋ, ಮೈಸೂರಿನ ಮಂಡಕಳ್ಳಿಯೋ?

ಪಿಯುಸಿ ಮುಗಿಸಿದ ಮಗ ಅಥವಾ ಮಗಳು ಪೈಲಟ್ ಆಗಬೇಕು ಅಂತಾರೆ. ಅಪ್ಪ ಅಮ್ಮನಿಗೆ ಹೆಮ್ಮೆ, ಜೊತೆಗೆ ಭಯ. ಅಷ್ಟರಲ್ಲಿ ಯಾರೋ ಒಬ್ಬ ಏಜೆಂಟ್ ಸಿಗುತ್ತಾನೆ. ‘ಹೊರದೇಶಕ್ಕೆ ಕಳಿಸಿ, ಲೈಸೆನ್ಸೂ ಆಗುತ್ತೆ, ಪಿಆರೂ ಆಗುತ್ತೆ’ ಅನ್ನುತ್ತಾನೆ. ಮಂಡ್ಯದ ಕಡೆ ಇದಕ್ಕಾಗಿ ನಾಲೆ ಬಯಲಿನ ಗದ್ದೆ ಮಾರುತ್ತಾರೆ, ಮೈಸೂರಿನಲ್ಲಿ ಸೈಟು ಮಾರುತ್ತಾರೆ. ಅಷ್ಟು ದೊಡ್ಡ ನಿರ್ಧಾರಕ್ಕೆ ಮುಂಚೆ ಒಂದು ವಿಷಯ ಗಟ್ಟಿಯಾಗಿ ತಿಳಿದಿರಬೇಕು. ಲೈಸೆನ್ಸ್ ಬೇರೆ, ಅಲ್ಲಿ ಕಾಯಂ ನೆಲೆಸುವ ಹಕ್ಕು, ಅಂದರೆ ಪಿಆರ್, ಬೇರೆ.

ಲೈಸೆನ್ಸ್ ಕೊಡುವುದು ವಿಮಾನಯಾನ ಇಲಾಖೆ. ಅಮೆರಿಕದಲ್ಲಿ ಎಫ್‌ಎಎ, ಕೆನಡಾದಲ್ಲಿ ಟ್ರಾನ್ಸ್‌ಪೋರ್ಟ್ ಕೆನಡಾ, ಆಸ್ಟ್ರೇಲಿಯಾದಲ್ಲಿ ಕಾಸಾ. ನೆಲೆಸಲು ಬಿಡುವುದು ವಲಸೆ ಇಲಾಖೆ. ಒಬ್ಬರು ಲೈಸೆನ್ಸ್ ಕೊಟ್ಟರು ಅಂತ ಇನ್ನೊಬ್ಬರು ವೀಸಾ ಕೊಡುವುದಿಲ್ಲ. ನಮ್ಮ ದೇಶದ ವಿಮಾನಯಾನ ಇಲಾಖೆ ಡಿಜಿಸಿಎ. ನಾನು ಮೈಸೂರಿನಲ್ಲಿ ಅದರ ಪರೀಕ್ಷೆಗೆ ನ್ಯಾವಿಗೇಷನ್ (ದಾರಿ ಲೆಕ್ಕ), ಮೀಟಿಯರಾಲಜಿ (ಹವಾಮಾನ) ಪಾಠ ಹೇಳುತ್ತೇನೆ. ಕೈಯಲ್ಲಿ ಸಂಬಳಕ್ಕೆ ಹಾರುವ ಕಮರ್ಷಿಯಲ್ ಲೈಸೆನ್ಸ್ ಇದೆ, ವೀಸಾ ಮುಗಿದಿದೆ, ಇನ್ನೇನು ಮಾಡುವುದು ಅಂತ ವಾಪಸ್ ಬಂದವರೂ ನನ್ನ ಕ್ಲಾಸಿಗೆ ಬರುತ್ತಾರೆ. ಅವರ ಮನೆಯವರ ಮುಖ ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೇಶಗಳನ್ನು ಹೋಲಿಸುವಾಗ ನಾನು ಮೂರು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಓದು ಮುಗಿದ ಮೇಲೆ ಅಲ್ಲಿ ಪೈಲಟ್ ಆಗಿ ಸಂಬಳಕ್ಕೆ ಕೆಲಸ ಮಾಡಬಹುದಾ? ಆ ಕೆಲಸ ಪಿಆರ್ ಲೆಕ್ಕಕ್ಕೆ ಬರುತ್ತಾ? ಎರಡೂ ಕೈಕೊಟ್ಟರೆ ಆ ಲೈಸೆನ್ಸ್ ಹಿಡಿದು ಊರಿಗೆ ಬಂದು ಹಾರಬಹುದಾ? ಶಾಲೆ ಎಷ್ಟು ದೊಡ್ಡದು, ವಿಮಾನ ಎಷ್ಟು ಹೊಸದು ಅಂತ ಎಲ್ಲರೂ ಕೇಳುತ್ತಾರೆ. ಈ ಮೂರನೇ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ.

ದೇಶಕ್ಕಿಂತ ಮೊದಲು ಮೆಡಿಕಲ್

ಯಾವ ದೇಶ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಮಗುವಿನ ಮೆಡಿಕಲ್ ಮಾಡಿಸಿ. ಡಿಜಿಸಿಎ ಒಪ್ಪಿದ ವೈದ್ಯರ ಬಳಿ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಕನ್ನಡಕ ಇದ್ದರೆ ಗಾಬರಿ ಬೇಡ. ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಾಗಿದ್ದರೆ ಸಾಕು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ವಿಷಯ ಗಂಭೀರ. ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಬೇಕೇ ಬೇಕು. ಗದ್ದೆ ಮಾರಿ, ಫೀಸು ಕಟ್ಟಿ, ಆಮೇಲೆ ಇದು ಗೊತ್ತಾದರೆ ದುಡ್ಡು ವಾಪಸ್ ಬರುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ, ಅಮೆರಿಕದವರು ತಮ್ಮದೇ ಮೆಡಿಕಲ್ ಕೇಳುತ್ತಾರೆ ನಿಜ. ಆದರೂ ಇಲ್ಲಿನದು ಇದ್ದರೆ ವಾಪಸ್ ಬರುವ ದಾರಿ ತೆರೆದಿದೆ ಅಂತ ಖಾತ್ರಿಯಾಗುತ್ತದೆ.

ಊರಲ್ಲೇ ಕಲಿತರೆ

ಮೈಸೂರಿನಿಂದ ನಂಜನಗೂಡು ರಸ್ತೆಯಲ್ಲಿ ಹೋಗುವಾಗ ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರ ಸಣ್ಣ ವಿಮಾನಗಳು ಸುತ್ತು ಹಾಕುವುದನ್ನು ನೀವು ನೋಡಿರಬಹುದು. ಅಲ್ಲಿ ಹಾರಾಟ ತರಬೇತಿ ಶಾಲೆ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆ ಇದೆ. ಕಲಬುರಗಿ, ಬೆಳಗಾವಿಯಲ್ಲೂ ಇವೆ. ಹೊರದೇಶವನ್ನು ಅಳೆಯಬೇಕಾದರೆ ಮೊದಲು ಇಲ್ಲಿನ ಲೆಕ್ಕ ಗೊತ್ತಿರಬೇಕು.

ಭಾರತದ ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ಪೂರ್ತಿ ತನ್ನ ತಲೆ ಮೇಲೆ ಹೊತ್ತು. 300 ನಾಟಿಕಲ್ ಮೈಲಿಯ, ಸುಮಾರು 555 ಕಿಲೋಮೀಟರಿನ ಒಂದು ದೂರದ ಹಾರಾಟ ಮಾಡಿರಬೇಕು. ರಾತ್ರಿ ಹಾರಾಟ 5 ಗಂಟೆ, 10 ಟೇಕಾಫ್ ಮತ್ತು 10 ಲ್ಯಾಂಡಿಂಗ್. ಜೊತೆಗೆ ಡಿಜಿಸಿಎ ಪೇಪರುಗಳು, ರೇಡಿಯೋ ಪರೀಕ್ಷೆ. ಈ ಅಂಕಿಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ದೇಶದ ಲೆಕ್ಕಕ್ಕೂ ಇವು ಬೇಕಾಗುತ್ತವೆ.

ಖರ್ಚು 50 ಲಕ್ಷದ ಆಸುಪಾಸು, ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ. ಏರ್‌ಲೈನ್ ಕೆಲಸಕ್ಕೆ ಬೇಕಾದ ಟೈಪ್ ರೇಟಿಂಗ್, ಅಂದರೆ ಏರ್‌ಬಸ್ 320 ಥರದ ಒಂದು ನಿರ್ದಿಷ್ಟ ವಿಮಾನದ ತರಬೇತಿ, ಬೇರೆ ಖರ್ಚು. ಇಲ್ಲಿನ ದೊಡ್ಡ ತೊಂದರೆ ಕಾಯುವುದು. ವಿಮಾನ ಕಡಿಮೆ, ಹುಡುಗರು ಜಾಸ್ತಿ. ಮಳೆಗಾಲದಲ್ಲಿ ಮೋಡ ತಗ್ಗಿದರೆ ದಿನಗಟ್ಟಲೆ ಸುಮ್ನೆ ಕೂರಬೇಕು. ಒಂದೂವರೆ ವರ್ಷ ಅಂತ ಹೇಳಿದ ಕೋರ್ಸ್ ಎರಡು, ಎರಡೂವರೆ ವರ್ಷ ಎಳೆದ ಉದಾಹರಣೆ ಬೇಕಾದಷ್ಟಿವೆ. 2025ರಿಂದ ಡಿಜಿಸಿಎ ಹಾರಾಟ ಶಾಲೆಗಳಿಗೆ ದರ್ಜೆ ಕೊಟ್ಟು ಪ್ರಕಟಿಸುತ್ತಿದೆ. ಸೇರುವ ಮುಂಚೆ ಅದನ್ನು ನೋಡಲೇಬೇಕು.

ಅಮೆರಿಕ: ಲೈಸೆನ್ಸಿಗೆ ಹತ್ತಿರ, ಪಿಆರ್‌ಗೆ ದೂರ

ಬೇಗ ಕಲಿಯಬೇಕು ಅನ್ನುವವರಿಗೆ ಅಮೆರಿಕದಷ್ಟು ಒಳ್ಳೆಯ ಜಾಗ ಇಲ್ಲ. ಫ್ಲೋರಿಡಾ, ಅರಿಜೋನಾ, ಟೆಕ್ಸಾಸ್‌ನಲ್ಲಿ ವರ್ಷದ ಬಹುಪಾಲು ದಿನ ಆಕಾಶ ತೆರೆದಿರುತ್ತದೆ. ವಿಮಾನ ಬೇಕಾದಷ್ಟು, ಸಣ್ಣ ಏರ್‌ಪೋರ್ಟುಗಳೂ ಬೇಕಾದಷ್ಟು. ಒಂದು ವರ್ಷದೊಳಗೆ ಮುಗಿಸಿ ಬರುವವರು ಇದ್ದಾರೆ.

ಹಾರಾಟ ಶಾಲೆಗೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು ಎಂ-1 ವೀಸಾ. ಓದುವಾಗ ಕೆಲಸ ಮಾಡುವ ಹಾಗಿಲ್ಲ. ಓದಿದ ಪ್ರತಿ ನಾಲ್ಕು ತಿಂಗಳಿಗೆ ಒಂದು ತಿಂಗಳಂತೆ, ಅಬ್ಬಬ್ಬಾ ಅಂದರೆ 6 ತಿಂಗಳು, ಕೆಲಸದ ತರಬೇತಿಗೆ ಅವಕಾಶ. ಅಲ್ಲಿದ್ದುಕೊಂಡೇ ಎಂ-1 ಬಿಟ್ಟು ವಿಶ್ವವಿದ್ಯಾಲಯದ ಎಫ್-1ಗೆ ಬದಲಾಗಲೂ ಬಿಡುವುದಿಲ್ಲ. ಇದರ ಜೊತೆಗೆ ಹೊರದೇಶದವರು ಹಾರಾಟ ಕಲಿಯಲು ಟಿಎಸ್‌ಎ ಅನ್ನುವ ಭದ್ರತಾ ಸಂಸ್ಥೆಯ ಒಪ್ಪಿಗೆ ಬೇಕು. ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಎಲ್ಲ ಆಗುತ್ತದೆ.

ಇಷ್ಟಾದ ಮೇಲೆ, ಲೈಸೆನ್ಸ್ ಬರುವಷ್ಟರಲ್ಲಿ ಸುಮಾರು 250 ಗಂಟೆ ಹಾರಿದ ಹುಡುಗನಿಗೆ ಅಲ್ಲಿ ಏರ್‌ಲೈನ್ ಕೆಲಸ ಯಾಕೆ ಸಿಗುವುದಿಲ್ಲ? 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಆ ದುರಂತದ ನಂತರ ಅಮೆರಿಕ ಕಾನೂನು ಬಿಗಿ ಮಾಡಿತು. 2013ರಿಂದ ಅಲ್ಲಿ ಏರ್‌ಲೈನ್‌ನ ಕೋ-ಪೈಲಟ್ ಸೀಟಿಗೂ ಸಾಮಾನ್ಯವಾಗಿ 1,500 ಗಂಟೆ ಬೇಕು. ಅಲ್ಲಿನ ಹುಡುಗರು ಈ ಗಂಟೆಗಳನ್ನು ಇನ್‌ಸ್ಟ್ರಕ್ಟರ್ ಕೆಲಸ ಮಾಡುತ್ತಾ ಕೂಡಿಸುತ್ತಾರೆ. ನಮ್ಮ ಹುಡುಗನಿಗೆ 250ರಿಂದ 1,500ರವರೆಗೆ ಹೋಗಲು ಕೆಲಸದ ಪರವಾನಗಿಯೇ ಇಲ್ಲ. ದಾರಿ ಕಡಿದು ಹೋಗುವುದು ಇಲ್ಲೇ.

ಅಮೆರಿಕವೇ ಬೇಕು ಅಂದರೆ ವಿಶ್ವವಿದ್ಯಾಲಯದ ಏವಿಯೇಷನ್ ಪದವಿ ಮೇಲು. ಎಂಬ್ರಿ-ರಿಡಲ್, ನಾರ್ತ್ ಡಕೋಟಾ ವಿಶ್ವವಿದ್ಯಾಲಯದಂಥ ಕಡೆ ಎಫ್-1 ವೀಸಾ ಸಿಗುತ್ತದೆ. ಓದಿನ ನಂತರ 12 ತಿಂಗಳು ಕೆಲಸ ಮಾಡಬಹುದು. ಅಂಥ ಪದವಿ ಇದ್ದವರಿಗೆ 1,500 ಗಂಟೆ 1,000ಕ್ಕೆ ಇಳಿಯುವ ಅವಕಾಶವೂ ಇದೆ. ಖರ್ಚು ಮಾತ್ರ ಕೋಟಿ ದಾಟುತ್ತದೆ. ಇಷ್ಟೆಲ್ಲ ಮಾಡಿದರೂ ಅಲ್ಲಿನ ಪಿಆರ್ ಆದ ಗ್ರೀನ್ ಕಾರ್ಡಿಗೆ ಭಾರತೀಯರ ಸರದಿ ಹತ್ತು ವರ್ಷಕ್ಕಿಂತ ಉದ್ದ ಇದೆ. ಒಂದೊಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿ ಇರುವುದೇ ಇದಕ್ಕೆ ಕಾರಣ. ಗ್ರೀನ್ ಕಾರ್ಡ್ ಲಾಟರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ಭಾರತದವರು ಭಾಗವಹಿಸುವ ಹಾಗೇ ಇಲ್ಲ.

ವಾಪಸ್ ಬಂದರೆ ಅಮೆರಿಕದ ಗಂಟೆಗಳು ಇಲ್ಲಿ ನಡೆಯುತ್ತವೆ. ಒಂದೇ ಎಚ್ಚರಿಕೆ. ಅಲ್ಲಿ ‘ಪಾರ್ಟ್ 141’ ಅನ್ನುವ ಪದ್ಧತಿಯ ಶಾಲೆಯಲ್ಲಿ 190 ಗಂಟೆಗೇ ಲೈಸೆನ್ಸ್ ಕೊಡುತ್ತಾರೆ. ನಮ್ಮ ಡಿಜಿಸಿಎಗೆ 200 ಬೇಕು. ಆ 10 ಗಂಟೆ ಅಲ್ಲೇ ಮುಗಿಸಿ ಬರದಿದ್ದರೆ ಇಲ್ಲಿ ಮತ್ತೆ ಶಾಲೆಗಳ ಬಾಗಿಲು ತಟ್ಟಬೇಕಾಗುತ್ತದೆ.

ಕೆನಡಾ: ದಾರಿ ಇದೆ, ಆದರೆ ಮುಳ್ಳು ಎಲ್ಲಿದೆ ಅಂತ ನೋಡಿಕೊಂಡು ನಡೆಯಬೇಕು

ಲೈಸೆನ್ಸ್ ಮತ್ತು ಪಿಆರ್ ಎರಡೂ ಒಂದೇ ಕಡೆ ಸಿಗುವ ಸಾಧ್ಯತೆ ಹುಡುಕುವವರಿಗೆ ನಾನು ಮೊದಲು ವಿವರಿಸುವುದು ಕೆನಡಾವನ್ನು. ಸುಲಭ ಅಂತ ಹೇಳುತ್ತಿಲ್ಲ. ಮೆಟ್ಟಿಲುಗಳು ಕಣ್ಣಿಗೆ ಕಾಣುತ್ತವೆ, ಅಷ್ಟೇ.

ಕಮರ್ಷಿಯಲ್ ಲೈಸೆನ್ಸಿಗೆ ಅಲ್ಲೂ 200 ಗಂಟೆ, ನಮ್ಮ ಲೆಕ್ಕಕ್ಕೆ ಸರಿಹೊಂದುತ್ತದೆ. ಕೋ-ಪೈಲಟ್ ಆಗಲು ಅಮೆರಿಕದ ಥರ 1,500 ಗಂಟೆಯ ಕಟ್ಟಳೆ ಇಲ್ಲ. ಕಮರ್ಷಿಯಲ್ ಲೈಸೆನ್ಸ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನ ಹಾರಿಸುವ, ಮೋಡದಲ್ಲೂ ಉಪಕರಣ ನೋಡಿ ಹಾರುವ ಅರ್ಹತೆ) ಇದ್ದರೆ ಕಾನೂನಿನ ಪ್ರಕಾರ ಕೂರಬಹುದು. ಕಂಪನಿಗಳು ಎಷ್ಟು ಗಂಟೆ ಕೇಳುತ್ತವೆ ಅನ್ನುವುದು ಆಯಾ ಕಾಲದ ಮಾರುಕಟ್ಟೆಗೆ ಬಿಟ್ಟದ್ದು.

ವೀಸಾ ಕಡೆ ಬರೋಣ. ಓದಲು ಸ್ಟಡಿ ಪರ್ಮಿಟ್ ಬೇಕು. 2024ರಿಂದ ಕೆನಡಾ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದೆ. ಬಹುತೇಕ ಕೋರ್ಸುಗಳಿಗೆ ಆಯಾ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಕಾಗುತ್ತದೆ. ಫೀಸಿನ ಹೊರತಾಗಿ ಜೀವನ ಖರ್ಚಿಗೆ ತೋರಿಸಬೇಕಾದ ಹಣ 2025ರ ಸೆಪ್ಟೆಂಬರ್‌ನಿಂದ 22,895 ಕೆನಡಿಯನ್ ಡಾಲರ್. ‘ಎಸ್‌ಡಿಎಸ್‌ನಲ್ಲಿ ಬೇಗ ವೀಸಾ ಮಾಡಿಸುತ್ತೇನೆ’ ಅಂತ ಇವತ್ತಿಗೂ ಹೇಳುವ ಏಜೆಂಟರಿದ್ದಾರೆ. ಆ ಯೋಜನೆ 2024ರ ನವೆಂಬರ್ 8ಕ್ಕೇ ನಿಂತುಹೋಗಿದೆ. ಈ ಒಂದು ಮಾತಿನಿಂದಲೇ ಏಜೆಂಟನಿಗೆ ಎಷ್ಟು ಗೊತ್ತು ಅಂತ ತಿಳಿಯಬಹುದು.

ಓದು ಮುಗಿದ ಮೇಲಿನ ಕೆಲಸದ ಪರವಾನಗಿ, ಅದೇ ಪಿಜಿಡಬ್ಲ್ಯುಪಿ, ಎಲ್ಲ ಶಾಲೆಗೂ ಇಲ್ಲ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಮಾನ್ಯತೆ ಇರುವ ಶಾಲೆ ಅಂದ ಮಾತ್ರಕ್ಕೆ ಅಲ್ಲಿ ಓದಿದವರಿಗೆ ಈ ಪರವಾನಗಿ ಸಿಗುತ್ತದೆ ಅಂತಲ್ಲ. ಎರಡೂ ಬೇರೆ. ಕೆನಡಾ ವಲಸೆ ಇಲಾಖೆಯ ಪಟ್ಟಿಯಲ್ಲಿ ಶಾಲೆಯ ಹೆಸರಿನ ಮುಂದೆ ಇದು ಬರೆದಿರುತ್ತದೆ. ನಿಮ್ಮ ಕಣ್ಣಾರೆ ನೋಡಿ, ಏಜೆಂಟ್ ಕಳಿಸಿದ ಫೋಟೊ ನಂಬಬೇಡಿ. ಹಾರಾಟ ಶಾಲೆಯವರಿಗೆ ಇನ್ನೊಂದು ಷರತ್ತು. ಕೆನಡಾದ ಕಮರ್ಷಿಯಲ್ ಲೈಸೆನ್ಸ್ ಕೈಯಲ್ಲಿರಬೇಕು, ಇಲ್ಲವೇ ಇನ್‌ಸ್ಟ್ರಕ್ಟರ್ ರೇಟಿಂಗ್ ಜೊತೆ ಅದೇ ತರಬೇತಿ ಕೇಂದ್ರದಿಂದ ಕೆಲಸದ ಆಫರ್ ಇರಬೇಕು. ಎರಡು ವರ್ಷಕ್ಕಿಂತ ಕಡಿಮೆ ಕೋರ್ಸ್ ಆದರೆ ಕೋರ್ಸ್ ಎಷ್ಟು ಉದ್ದವೋ ಪರವಾನಗಿಯೂ ಅಷ್ಟೇ. ಎರಡು ವರ್ಷ ಅಥವಾ ಜಾಸ್ತಿ ಆದರೆ ಮೂರು ವರ್ಷ. ಜೀವನದಲ್ಲಿ ಒಂದೇ ಸಲ ಸಿಗುವ ಪರವಾನಗಿ ಇದು. ಹಾಗಾಗಿ ಹತ್ತು ತಿಂಗಳ ಅಗ್ಗದ ಕೋರ್ಸಿಗಿಂತ ಕಾಲೇಜಿನ ಎರಡು ವರ್ಷದ ಏವಿಯೇಷನ್ ಡಿಪ್ಲೊಮಾ ಪಿಆರ್ ದೃಷ್ಟಿಯಿಂದ ಎಷ್ಟೋ ಮೇಲು.

ಈಗ ಮುಳ್ಳಿನ ವಿಷಯ. ಇದನ್ನು ನಿಧಾನವಾಗಿ ಓದಿ.

ಪಿಆರ್‌ಗೆ ಹೆಚ್ಚಿನವರು ಹೋಗುವುದು ಅಂಕ ನೋಡಿ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅದರಲ್ಲೂ ಕೆನಡಾ ಅನುಭವದ ವರ್ಗದಲ್ಲಿ. ಅದಕ್ಕೆ ಕೆನಡಾದಲ್ಲಿ ಒಂದು ವರ್ಷದ ಕೌಶಲ್ಯದ ಕೆಲಸ, ಗಂಟೆ ಲೆಕ್ಕದಲ್ಲಿ 1,560, ಆಗಿರಬೇಕು. ಪೈಲಟ್ ಮತ್ತು ಇನ್‌ಸ್ಟ್ರಕ್ಟರ್ ಕೆಲಸ ಎರಡೂ ಆ ಪಟ್ಟಿಯಲ್ಲಿವೆ, ಸಂಖ್ಯೆ 72600. ಓದುತ್ತಿರುವಾಗ ಮಾಡಿದ ಕೆಲಸ ಲೆಕ್ಕಕ್ಕಿಲ್ಲ. ಸ್ವಂತ ಉದ್ಯೋಗವೂ ಲೆಕ್ಕಕ್ಕಿಲ್ಲ. ಸಮಸ್ಯೆ ಇರುವುದೇ ಇಲ್ಲಿ. ಕೆಲವು ಹಾರಾಟ ಶಾಲೆಗಳು ಇನ್‌ಸ್ಟ್ರಕ್ಟರುಗಳನ್ನು ನೌಕರರಾಗಿ ಇಟ್ಟುಕೊಳ್ಳದೆ ಗುತ್ತಿಗೆಯವರಂತೆ ಇಟ್ಟುಕೊಳ್ಳುತ್ತವೆ. ಕಾಗದದ ಮೇಲೆ ಅದು ಸ್ವಂತ ಉದ್ಯೋಗ. ಒಂದೂವರೆ ವರ್ಷ ದುಡಿದು, ಲಾಗ್‌ಬುಕ್ ತುಂಬಿಸಿ, ಪಿಆರ್ ಅರ್ಜಿ ಹಾಕುವಾಗ ಅಷ್ಟೂ ಕೆಲಸ ಕೈಬಿಟ್ಟು ಹೋಗಬಹುದು. ಆಫರ್ ಲೆಟರ್ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ನನ್ನನ್ನು ನೌಕರನಾಗಿ ತೆಗೆದುಕೊಳ್ಳುತ್ತೀರಾ, ತೆರಿಗೆ ಸ್ಲಿಪ್ ಟಿ4 ಕೊಡುತ್ತೀರಾ?

ಗಂಟೆಯ ಲೆಕ್ಕ ಇನ್ನೊಂದು. 1,560 ಗಂಟೆ ಅಂದರೆ ಸಂಬಳ ಸಿಕ್ಕ ಕೆಲಸದ ಗಂಟೆ. ಜನವರಿಯಲ್ಲಿ ಹಿಮ ಬಿದ್ದು ಒಂದು ವಾರ ಹಾರಾಟ ನಿಂತರೆ, ಹಾರಿದ್ದಕ್ಕೆ ಮಾತ್ರ ದುಡ್ಡು ಕೊಡುವ ಶಾಲೆಯಲ್ಲಿ ಆ ವಾರ ಸೊನ್ನೆ. ಗ್ರೌಂಡ್ ಕ್ಲಾಸಿಗೂ, ಬ್ರೀಫಿಂಗಿಗೂ ಸಂಬಳ ಕೊಡುವ ಶಾಲೆಯಾದರೆ ಬಚಾವ್. ಉತ್ತರದ ಊರುಗಳಲ್ಲಿ ಎಷ್ಟೋ ಹೊಸ ಪೈಲಟ್‌ಗಳು ಮೊದಲು ರ‍್ಯಾಂಪ್ ಮೇಲೆ, ಅಂದರೆ ವಿಮಾನ ನಿಲ್ಲುವ ಅಂಗಳದಲ್ಲಿ, ಸಾಮಾನು ಹೇರುವ, ರೆಕ್ಕೆ ಮೇಲಿನ ಮಂಜು ತೆಗೆಯುವ ಕೆಲಸ ಮಾಡಿ, ಆಮೇಲೆ ಸೀಟಿಗೆ ಬರುತ್ತಾರೆ. ಅದು ಮರ್ಯಾದೆಯ ಕೆಲಸವೇ. ಆದರೆ ಆ ತಿಂಗಳುಗಳು ಪೈಲಟ್ ಅನುಭವ ಅಂತ ಲೆಕ್ಕಕ್ಕೆ ಬರುವುದಿಲ್ಲ. ಆ ಹೊತ್ತಿನಲ್ಲಿ ಕೆಲಸದ ಪರವಾನಗಿಯ ಗಡಿಯಾರ ಓಡುತ್ತಲೇ ಇರುತ್ತದೆ.

ಅಂಕಗಳ ವಿಷಯದಲ್ಲಿ ಕೆನಡಾ ಆಗಾಗ ನಿಯಮ ಬದಲಿಸುತ್ತದೆ. 2023ರಲ್ಲಿ ವೃತ್ತಿವಾರು ಆಯ್ಕೆ ಶುರುವಾದಾಗ ಸಾರಿಗೆ ವರ್ಗದಲ್ಲಿ ಪೈಲಟ್‌ಗಳೂ ಇದ್ದರು. 2025ರ ಫೆಬ್ರವರಿಯಲ್ಲಿ ಆ ವರ್ಗವನ್ನೇ ತೆಗೆದರು, 2026ರಲ್ಲಿ ಪೈಲಟ್ ಸೇರಿದ ಸಾರಿಗೆ ವರ್ಗವನ್ನು ಮತ್ತೆ ತಂದರು. 2025ರ ಮಾರ್ಚ್‌ನಿಂದ ಕೆಲಸದ ಆಫರಿಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳೂ ಹೋದವು. ಇವತ್ತಿನ ನಿಯಮ ನೋಡಿ ಹೊರಟ ಹುಡುಗ ಮೂರು ವರ್ಷದ ನಂತರ ಬೇರೆಯದೇ ನಿಯಮದಡಿ ಅರ್ಜಿ ಹಾಕಬೇಕಾಗಬಹುದು. ಇದನ್ನು ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ ಒಪ್ಪಿಕೊಂಡೇ ಹೊರಡಬೇಕು.

ಚಳಿಗೆ ಹೆದರುವವರಿಗೆ ಒಂದು ಮಾತು. ಚಳಿಗಾಲದಲ್ಲಿ ಕೋರ್ಸ್ ನಿಧಾನ ಆಗುತ್ತದೆ, ನಿಜ. ಆದರೆ ಸಂಜೆ ಬೇಗ ಕತ್ತಲಾಗುವುದರಿಂದ ರಾತ್ರಿ ಹಾರಾಟದ ಗಂಟೆಗಳು ಊಟದ ಹೊತ್ತಿಗೆ ಮುಂಚೆಯೇ ಮುಗಿದಿರುತ್ತವೆ. ಮೋಡ, ಮಂಜು, ಅಡ್ಡಗಾಳಿ ನೋಡಿ ಕಲಿತವರ ಕೈ ಪಳಗಿರುತ್ತದೆ. ಪಾಠ ಮಾಡುವಾಗ ನನಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆಸ್ಟ್ರೇಲಿಯಾ: ಡಿಪ್ಲೊಮಾನೋ ಪದವಿಯೋ, ಅದೇ ನಿರ್ಧಾರ

ಹವಾಮಾನ ಚೆನ್ನ, ತರಬೇತಿ ಗಟ್ಟಿ, ಖರ್ಚು ಭಾರಿ. ಸ್ಟೂಡೆಂಟ್ ವೀಸಾ ಅರ್ಜಿಯ ಫೀಸೇ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ನಿರಾಕರಿಸಿದರೂ ಅದು ವಾಪಸ್ ಇಲ್ಲ. ಓದುವಾಗ ಎರಡು ವಾರಕ್ಕೆ 48 ಗಂಟೆ ಕೆಲಸ ಮಾಡಬಹುದು. ಹಾರಾಟದ ಕೋರ್ಸ್ ಮಾಡುತ್ತಾ ಅಷ್ಟು ಕೆಲಸ ಮಾಡುವುದು ಬಹಳ ಕಷ್ಟ. ಬೆಳಗ್ಗೆ ವಿಮಾನ, ಮಧ್ಯಾಹ್ನ ಥಿಯರಿ ಆದ ಮೇಲೆ ಮೈಯಲ್ಲಿ ಶಕ್ತಿ ಉಳಿದಿರುವುದಿಲ್ಲ. ದುಡಿದು ಫೀಸು ಕಟ್ಟುತ್ತೇನೆ ಅನ್ನುವ ಲೆಕ್ಕ ಬೇಡ.

ಹಾರಾಟ ಶಾಲೆಗಳು ಹೆಚ್ಚಾಗಿ ಮಾರುವುದು ಏವಿಯೇಷನ್ ಡಿಪ್ಲೊಮಾ. ಡಿಪ್ಲೊಮಾ ಮಾಡಿದವರಿಗೆ 485 ಅನ್ನುವ ಓದಿನ ನಂತರದ ವೀಸಾ ಬೇಕಾದರೆ ಅವರ ವೃತ್ತಿ ಸರ್ಕಾರದ ಪಟ್ಟಿಯಲ್ಲಿರಬೇಕು, ಕೌಶಲ್ಯ ಮೌಲ್ಯಮಾಪನವೂ ಆಗಬೇಕು. ಪಟ್ಟಿ ಆಗಾಗ ಬದಲಾಗುತ್ತದೆ. ಪದವಿ ಮಾಡಿದವರಿಗೆ ಆ ಪಟ್ಟಿಯ ಗೋಜಿಲ್ಲ. ಅಲ್ಲೇ ಎರಡು ಶೈಕ್ಷಣಿಕ ವರ್ಷ ಓದಿದ್ದರೆ ಸಾಮಾನ್ಯವಾಗಿ ಎರಡು ವರ್ಷ ಕೆಲಸ ಮಾಡಬಹುದು. ಹಾಗಾಗಿ ಪಿಆರ್ ಆಸೆ ಇದ್ದು, ದುಡ್ಡೂ ಇದ್ದರೆ ಬ್ಯಾಚುಲರ್ ಆಫ್ ಏವಿಯೇಷನ್ ನೋಡಿ. ಅಷ್ಟು ದುಡ್ಡಿಲ್ಲದವರು ಬರೀ ಡಿಪ್ಲೊಮಾ ನಂಬಿ ಪಿಆರ್ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅಲ್ಲಿ ಮೊದಲ ಕೆಲಸ ಸಿಗುವುದು ಸಿಡ್ನಿ, ಮೆಲ್ಬರ್ನ್‌ನಲ್ಲಿ ಅಲ್ಲ. ಡಾರ್ವಿನ್, ಬ್ರೂಮ್, ಕುನುನುರಾ ಕಡೆ ಸಣ್ಣ ವಿಮಾನದಲ್ಲಿ ಪ್ರವಾಸಿಗರನ್ನು, ಟಪಾಲನ್ನು ಸಾಗಿಸುವುದರಿಂದ ಶುರು. ಬಿಸಿಲು, ಒಂಟಿತನ, ಸಣ್ಣ ಸಂಬಳ. ಆ ಜೀವನ ಇಷ್ಟಪಟ್ಟು ಮಾಡುವವರಿಗೆ ಅದರಂಥ ಅನುಭವ ಇನ್ನೊಂದಿಲ್ಲ.

ವಾಪಸ್ ಬರುವ ಲೆಕ್ಕದಲ್ಲಿ ಇಲ್ಲೂ ಒಂದು ಗುಂಡಿ ಇದೆ. ಆಸ್ಟ್ರೇಲಿಯಾದಲ್ಲಿ ಥಿಯರಿ, ಹಾರಾಟ ಎರಡನ್ನೂ ಒಟ್ಟಿಗೆ ಕಲಿಸುವ ಇಂಟಿಗ್ರೇಟೆಡ್ ಕೋರ್ಸ್ 150 ಗಂಟೆಗೇ ಮುಗಿಯುತ್ತದೆ. ನಮ್ಮ 200ಕ್ಕೆ 50 ಗಂಟೆ ಕಡಿಮೆ. ಕಮಾಂಡ್ ಗಂಟೆಗಳೂ 100 ಮುಟ್ಟಿರುವುದಿಲ್ಲ. ಆ 50 ಗಂಟೆಯ ಖರ್ಚನ್ನು ಮೊದಲ ದಿನವೇ ಬಜೆಟ್ಟಿನಲ್ಲಿ ಸೇರಿಸಿ.

ಉಳಿದ ದೇಶಗಳು

ನ್ಯೂಜಿಲೆಂಡ್ ತರಬೇತಿ ಒಳ್ಳೆಯದು. ಅದರ ಲೈಸೆನ್ಸನ್ನು ಆಸ್ಟ್ರೇಲಿಯಾ ಪರಸ್ಪರ ಒಪ್ಪಂದದಡಿ ಮಾನ್ಯ ಮಾಡುತ್ತದೆ. ದೇಶ ಚಿಕ್ಕದು, ಪೈಲಟ್ ಕೆಲಸಗಳೂ ಕಡಿಮೆ.

ಯುರೋಪಿನಲ್ಲಿ ಥಿಯರಿ ಬಹಳ ಕಠಿಣ, 13 ವಿಷಯಗಳ ಪರೀಕ್ಷೆ. ಆ ಓದಿಗೆ ನನಗೆ ತುಂಬಾ ಗೌರವ ಇದೆ. ಆದರೆ ಅಲ್ಲಿನ ಏರ್‌ಲೈನ್‌ಗಳ ಜಾಹೀರಾತು ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ ವಾಸಿಸಿ ಕೆಲಸ ಮಾಡುವ ಹಕ್ಕು ಈಗಾಗಲೇ ಇರಬೇಕು ಅಂತ ಕೇಳಿರುತ್ತಾರೆ. ಬ್ರಿಟನ್ 2021ರ ಜನವರಿಯಿಂದ ಯುರೋಪಿನ ವ್ಯವಸ್ಥೆಯಿಂದ ಹೊರಗಿದೆ. ಅಲ್ಲಿನ ಲೈಸೆನ್ಸ್ ಬೇರೆ, ಯುರೋಪಿನದು ಬೇರೆ. ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಪದವಿ ಓದಿದವರಿಗೆ, ಹಾರಾಟ ಶಾಲೆ ಮುಗಿಸಿದವರಿಗೆ ಅಲ್ಲ. ದಕ್ಷಿಣ ಆಫ್ರಿಕಾ, ಫಿಲಿಪ್ಪೀನ್ಸ್‌ಗೆ ನಮ್ಮವರು ಹೋಗುವುದು ಖರ್ಚು ಕಡಿಮೆ ಅಂತ. ಗಂಟೆ ಕೂಡಿಸಿ ಊರಿಗೆ ಬರಲು ಸರಿ, ನೆಲೆಸಲು ಅಲ್ಲ.

ಯಾರೂ ಮಾರದ ದಾರಿ

ಒಂದು ದಾರಿಯನ್ನು ಏಜೆಂಟರು ಹೇಳುವುದೇ ಇಲ್ಲ, ಯಾಕೆಂದರೆ ಅದರಲ್ಲಿ ಅವರಿಗೆ ಕಮಿಷನ್ ಇಲ್ಲ. ಲೈಸೆನ್ಸ್ ಇಲ್ಲೋ ಅಮೆರಿಕದಲ್ಲೋ ಮುಗಿಸಿ, ಭಾರತದ ಏರ್‌ಲೈನ್‌ನಲ್ಲಿ ಕೆಲಸಕ್ಕೆ ಸೇರಿ, ಏರ್‌ಬಸ್ ಅಥವಾ ಬೋಯಿಂಗ್ ಮೇಲೆ ಸಾವಿರಾರು ಗಂಟೆ ಹಾರಿ, ಆಮೇಲೆ ಹೊರಗೆ ಹೋಗುವುದು. ಎಮಿರೇಟ್ಸ್, ಕತಾರ್ ಏರ್‌ವೇಸ್‌ನಂಥ ಕಂಪನಿಗಳು ಅನುಭವ ಇರುವ ಹೊರದೇಶದ ಪೈಲಟ್‌ಗಳನ್ನು ತೆಗೆದುಕೊಳ್ಳುತ್ತವೆ. ವಾಸದ ಪರವಾನಗಿಯನ್ನು ಕಂಪನಿಯೇ ಮಾಡಿಸುತ್ತದೆ. ಅದು ಕೆಲಸ ಇರುವವರೆಗಿನ ಪರವಾನಗಿ, ಪಿಆರ್ ಅಲ್ಲ. ಆದರೂ ಕುಟುಂಬ ಜೊತೆಗಿರುತ್ತದೆ, ಊರು ನಾಲ್ಕು ಗಂಟೆಯ ದಾರಿ.

ಇಲ್ಲಿಂದಲೇ ಕೆನಡಾ ಪಿಆರ್‌ಗೆ ಅರ್ಜಿ ಹಾಕಲೂ ಸಾಧ್ಯ. ಎಕ್ಸ್‌ಪ್ರೆಸ್ ಎಂಟ್ರಿಯ ಇನ್ನೊಂದು ವರ್ಗದಲ್ಲಿ ಹೊರದೇಶದ ಪೈಲಟ್ ಅನುಭವವೂ ನಡೆಯುತ್ತದೆ. ಆದರೆ ವಯಸ್ಸಿನ ಅಂಕ 20ರಿಂದ 29ರೊಳಗೆ ಜಾಸ್ತಿ, ಓದಿಗೂ ಅಂಕ ಇದೆ. ಅದಕ್ಕೇ ನಾನು ಎಲ್ಲ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳುತ್ತೇನೆ. ಹಾರಾಟದ ಜೊತೆಗೆ ಒಂದು ಡಿಗ್ರಿ ಮುಗಿಸಿ, ಕರೆಸ್ಪಾಂಡೆನ್ಸ್ ಆದರೂ ಸರಿ. ಮೈಸೂರಿನಲ್ಲೇ ಮುಕ್ತ ವಿಶ್ವವಿದ್ಯಾಲಯ ಇರುವಾಗ ನೆಪ ಹೇಳುವಂತಿಲ್ಲ ಅಲ್ವಾ.

ಹೊರದೇಶದ ಲೈಸೆನ್ಸ್ ತಂದವರು ಇಲ್ಲಿ ಏರ್ ರೆಗ್ಯುಲೇಷನ್ಸ್ ಮತ್ತು ಕಾಂಪೋಸಿಟ್ ಪೇಪರ್ ಪಾಸಾಗಬೇಕು. ನ್ಯಾವಿಗೇಷನ್ ಮತ್ತು ಮೀಟಿಯರಾಲಜಿ ಸೇರಿದ ಪೇಪರ್ ಅದು. ಜೊತೆಗೆ ರೇಡಿಯೋ ಲೈಸೆನ್ಸ್, ಮೆಡಿಕಲ್, ಹಾರಾಟದ ಪರೀಕ್ಷೆ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಕೊಟ್ಟ ದೇಶ ಅದನ್ನು ದೃಢೀಕರಿಸಬೇಕು. ಕೆಲವರು ಹೊರಡುವ ಮುಂಚೆಯೇ ಇಲ್ಲಿ ಪೇಪರುಗಳನ್ನು ಮುಗಿಸಿ ಹೋಗುತ್ತಾರೆ. ಅದು ತುಂಬಾ ಒಳ್ಳೆಯದು. ಹಾರಾಟವೂ ಸಲೀಸಾಗಿ ತಲೆಗೆ ಹತ್ತುತ್ತದೆ.

ದುಡ್ಡು ಎಲ್ಲಿ ಸೋರುತ್ತದೆ

ಸೆಸ್ನಾ 172 ವಿಮಾನದ ಪ್ಯಾನೆಲ್‌ನಲ್ಲಿ ಹಾಬ್ಸ್ ಮೀಟರ್ ಅಂತ ಒಂದು ಪುಟ್ಟ ಮೀಟರ್ ಇರುತ್ತದೆ. ಎಂಜಿನ್ ಶುರುವಾಗಿ ಆಯಿಲ್ ಪ್ರೆಶರ್ ಏರಿದರೆ ಸಾಕು, ಓಡತೊಡಗುತ್ತದೆ. ಆರು ನಿಮಿಷಕ್ಕೆ ಒಂದು ಅಂಕಿ ಮುಂದೆ ಬೀಳುತ್ತದೆ. ಆಟೋ ಮೀಟರಿನ ಹಾಗೆ, ನಿಂತರೂ ದುಡ್ಡು. ದೊಡ್ಡ ವಿಮಾನಗಳ ಗದ್ದಲ ಇರುವ ಏರ್‌ಪೋರ್ಟಿನಲ್ಲಿ ರನ್‌ವೇ ಅಂಚಿನಲ್ಲಿ 18 ನಿಮಿಷ ಕಾದರೆ 0.3 ಗಂಟೆಯ ಬಿಲ್ಲು ಆಯಿತು. ಲಾಗ್‌ಬುಕ್ಕಿಗೆ ಆ ಹೊತ್ತು ಸೇರುತ್ತದೆ. ಕಲಿಕೆಗೆ ಸೇರುವುದಿಲ್ಲ. ಶಾಲೆ ಆರಿಸುವಾಗ ಗಂಟೆಯ ದರದ ಜೊತೆಗೆ ಇದನ್ನೂ ಕೇಳಿ: ಎಂಜಿನ್ ಶುರು ಮಾಡಿದ ಮೇಲೆ ಚಕ್ರ ನೆಲ ಬಿಡಲು ಸಾಮಾನ್ಯವಾಗಿ ಎಷ್ಟು ಹೊತ್ತು ಆಗುತ್ತದೆ? ಈಗ ಓದುತ್ತಿರುವ ಹುಡುಗರನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಪೂರ್ತಿ ಫೀಸನ್ನು ಒಂದೇ ಸಲ ಕಟ್ಟಬೇಡಿ. ಮೊದಲ ಹಂತದ ಪ್ರೈವೇಟ್ ಲೈಸೆನ್ಸಿಗೆ ಒಂದು ಕಂತು, ಆಮೇಲೆ ಗಂಟೆ ಹಾರಿದ ಹಾಗೆ ಉಳಿದದ್ದು. ಹಾರಾಟ ಶಾಲೆಗಳು ಮುಚ್ಚುವುದು ಹೊಸದೇನಲ್ಲ, ಮುಂಗಡ ಕಟ್ಟಿದ ಹಣ ಆಗ ಸಿಕ್ಕಿಬೀಳುತ್ತದೆ. ಒಬ್ಬ ವ್ಯಕ್ತಿ ವರ್ಷಕ್ಕೆ ಹೊರದೇಶಕ್ಕೆ ಕಳಿಸಬಹುದಾದ ಮಿತಿ 2,50,000 ಅಮೆರಿಕನ್ ಡಾಲರ್. ಸ್ವಂತ ಹಣ ಕಳಿಸಿದರೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕ್ ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದಿಲ್ಲ. ಹಿಡಿದ ದುಡ್ಡನ್ನು ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು.

ನನ್ನ ಸಲಹೆ

ಗದ್ದೆ ಅಥವಾ ಮನೆ ಬಿಟ್ಟರೆ ಬೇರೆ ಆಸ್ತಿ ಇಲ್ಲದವರು ಪಿಆರ್ ಆಸೆಯನ್ನು ಈಗಲೇ ಬೆನ್ನು ಹತ್ತಬೇಡಿ. ಮಂಡಕಳ್ಳಿಯಲ್ಲೋ ರಾಜ್ಯದ ಬೇರೆ ಶಾಲೆಯಲ್ಲೋ ಕಲಿಯಲಿ, ಇಲ್ಲವೇ ಏರ್‌ಲೈನ್‌ಗಳ ಕ್ಯಾಡೆಟ್ ಯೋಜನೆಗೆ, ಅಂದರೆ ಕಂಪನಿಯೇ ಆರಿಸಿ ತರಬೇತಿ ಕೊಡಿಸುವ ದಾರಿಗೆ, ಪ್ರಯತ್ನಿಸಲಿ. ಹೆಣ್ಣುಮಕ್ಕಳ ಮನೆಯವರಿಗೂ ಇದನ್ನೇ ಧೈರ್ಯವಾಗಿ ಹೇಳುತ್ತೇನೆ. ಮಹಿಳಾ ಪೈಲಟ್‌ಗಳ ಪಾಲು ಜಾಸ್ತಿ ಇರುವ ದೇಶಗಳಲ್ಲಿ ಭಾರತ ಮುಂದಿದೆ. ಬೇಗ ಮುಗಿಸಿ ವಾಪಸ್ ಬರುವ ಮನಸ್ಸಿದ್ದರೆ ಅಮೆರಿಕ. ನೆಲೆಸುವುದೇ ಗುರಿ, ಎರಡು ಮೂರು ವರ್ಷ ಸಣ್ಣ ಊರಿನಲ್ಲಿ ಕಷ್ಟಪಡಲು ತಯಾರು, ಸಾಲ ತಡೆದುಕೊಳ್ಳುವ ಶಕ್ತಿಯೂ ಮನೆಗಿದೆ ಅಂದರೆ ಕೆನಡಾದ ಎರಡು ವರ್ಷದ ಕೋರ್ಸ್. ದುಡ್ಡಿನ ಚಿಂತೆ ಇಲ್ಲದವರಿಗೆ ಆಸ್ಟ್ರೇಲಿಯಾದ ಪದವಿ.

ಏಜೆಂಟ್ ಬೇಕೇ ಬೇಕು ಅಂದರೆ ಕೆನಡಾಕ್ಕೆ ಸಿಐಸಿಸಿ ನೋಂದಣಿ ಇರುವ ಸಲಹೆಗಾರ, ಆಸ್ಟ್ರೇಲಿಯಾಕ್ಕೆ ಮಾರಾ ನೋಂದಣಿ ಇರುವವರು. ನೋಂದಣಿ ಸಂಖ್ಯೆ ಕೇಳಿ, ಸರ್ಕಾರಿ ಪಟ್ಟಿಯಲ್ಲಿ ಹುಡುಕಿ. ಪಿಆರ್ ಗ್ಯಾರಂಟಿ ಅಂದವನ ಆಫೀಸಿನಿಂದ ಎದ್ದು ಬನ್ನಿ.

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಅಂತ ಹಿಂಜರಿಯುತ್ತಾರೆ. ಪೈಲಟ್‌ಗೆ ಬೇಕಾದ್ದು ಅಂತರರಾಷ್ಟ್ರೀಯ ಮಟ್ಟದಲ್ಲಿ ಲೆವೆಲ್ 4 ಇಂಗ್ಲಿಷ್. ರೇಡಿಯೋ ಮಾತು ಚಿಕ್ಕದು, ಕಟ್ಟುನಿಟ್ಟು. ಟವರಿನವರು ‘ಟರ್ನ್ ಲೆಫ್ಟ್ ಹೆಡಿಂಗ್ ಟೂ ಸೆವೆನ್ ಜೀರೋ, ಕ್ಲೈಂಬ್ ಟು ತ್ರೀ ಥೌಸಂಡ್’ ಅಂದರೆ ಅದನ್ನೇ ತಿರುಗಿ ಒಪ್ಪಿಸಿ, ಕೊನೆಗೆ ನಿಮ್ಮ ವಿಮಾನದ ಗುರುತು ಹೇಳಬೇಕು. ಕೇಳಿಸದಿದ್ದರೆ ‘ಸೇ ಅಗೇನ್’ ಅನ್ನಬೇಕು, ಅದರಲ್ಲಿ ನಾಚಿಕೆ ಇಲ್ಲ. ಅಮೆರಿಕ, ಕೆನಡಾದ ಟವರ್ ಸಂಭಾಷಣೆ ಇಂಟರ್‌ನೆಟ್‌ನಲ್ಲಿ ನೇರವಾಗಿ ಕೇಳಲು ಸಿಗುತ್ತದೆ. ಮಂಡ್ಯದ ಹಳ್ಳಿಗಳಿಂದ ಬಂದವರು ದಿನಾ ಅರ್ಧ ಗಂಟೆ ಅದನ್ನು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು, ಕೆಲವೇ ತಿಂಗಳಲ್ಲಿ ಕಿವಿ ಪಳಗಿಸಿಕೊಂಡದ್ದನ್ನು ನೋಡಿದ್ದೇನೆ.

ಪಾಸ್‌ಪೋರ್ಟ್ ಇನ್ನೂ ಆಗಿಲ್ಲದಿದ್ದರೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ. ಪಾಸ್‌ಪೋರ್ಟ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರು ಮತ್ತು ಇನಿಶಿಯಲ್ ಒಂದೇ ರೀತಿ ಇದೆಯಾ ನೋಡಿ. ನಮ್ಮ ಕಡೆ ಇನಿಶಿಯಲ್ ಮುಂದೆ, ಅಲ್ಲಿ ಸರ್‌ನೇಮ್ ಹಿಂದೆ. ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದ್ದರೆ ಲೈಸೆನ್ಸ್, ವೀಸಾ, ಡಿಜಿಸಿಎ ಎಲ್ಲ ಕಡೆ ತಡೆ ಬೀಳುತ್ತದೆ. ಅದನ್ನು ಈ ರಜೆಯಲ್ಲೇ ಸರಿ ಮಾಡಿಸಿ.